ಅಜ್ಜಿಯ ಬಾಯಲ್ಲಿ ಉಳಿದ ಅಕ್ಷರಗಳು

ಸತ್ಯನಾರಾಯಣಪೇಟೆಯ ನಮ್ಮ ಮನೆಯ ಕೋಣೆಗಳು ಒಂದರ ಹಿಂದೆ ಒಂದು, ರೈಲಿನ ಡಬ್ಬಿಗಳ ಹಾಗೆ ಇದ್ದವು. ಮೊದಲು ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಗೋಡೆಯಲ್ಲಿ ದೇವರ ಗೂಡು, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಬೇವಿನ ಮರವಿದ್ದ ಹಿತ್ತಲು. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಪಡಸಾಲೆಯಲ್ಲಿ ಆಡಿದ ಮಾತು ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದವರಿಗೂ ಕೇಳುತ್ತಿತ್ತು. ಇಂಥ ಮನೆಯಲ್ಲಿ ಯಾರಿಗೂ ಕೇಳದ ಹಾಗೆ ಮಾತಾಡುವುದು ಆಗದ ಕೆಲಸ. ತಿಳಿಯದ ಹಾಗೆ ಮಾತಾಡಬೇಕು, ಅಷ್ಟೆ. ದೊಡ್ಡವರು ಅದಕ್ಕಾಗಿ ತೆಲುಗು ಇಟ್ಟುಕೊಂಡಿದ್ದರು. ಅಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತ, ದಿನವಿಡೀ ಅರ್ಧ ತೆಲುಗಿನಲ್ಲೇ ವ್ಯವಹಾರ. ಅವ್ವ ಸಿರುಗುಪ್ಪದವಳು, ಚಿಕ್ಕವಳಿದ್ದಾಗ ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದುಕೊಂಡು ತೆಲುಗು ಶಾಲೆಗೆ ಹೋಗಿದ್ದಳು. ಕನ್ನಡ ಮಾತಾಡುತ್ತಿದ್ದಳು, ಓದಬೇಕೆಂದರೆ ತೆಲುಗೇ ಬೇಕಿತ್ತು. ನಮಗೆ ಸೂಜಿ ಹಾಕಿಸಲು ಕರೆದೊಯ್ಯಬೇಕೆಂದಿದ್ದರೆ ಇಬ್ಬರೂ ಹಿಂದಿನ ದಿನವೇ ತೆಲುಗಿಗೆ ಹೊರಳುತ್ತಿದ್ದರು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತೆಲುಗು ತಿಳಿಯುವುದಿಲ್ಲವೆಂದು ಅವರು ಯಾವ ಧೈರ್ಯದ ಮೇಲೆ ನಂಬಿದ್ದರೋ ಗೊತ್ತಿಲ್ಲ. ಬೆಳಿಗ್ಗೆ ಅವರು ಎದ್ದು ನೋಡುವಷ್ಟರಲ್ಲಿ ನಾನೂ ನನ್ನ ಅಕ್ಕ ವಿಶಾಲಳೂ ಮಾಳಿಗೆಯ ಮೇಲೆ ಕಟ್ಟಿಗೆ ರಾಶಿಯ ಹಿಂದೆ ಇರುತ್ತಿದ್ದೆವು.

ದೊಡ್ಡವರಿಗೆ ಒಂದು ಭಾಷೆ ಇದ್ದ ಮೇಲೆ ನಮಗೂ ಒಂದು ಬೇಕು ಎಂದು ವಿಶಾಲಕ್ಕನಿಗೆ ಅನ್ನಿಸಿತು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಒಂದು ಕೆಲಸ ಹಿಡಿದರೆ ಊಟಕ್ಕೆ ಕರೆದರೂ ಬಾರದವಳು. ಶಾಲೆಯಲ್ಲಿ ಎಲ್ಲ ಮಕ್ಕಳೂ ಆಡುತ್ತಿದ್ದ, ಪ್ರತಿ ಅಕ್ಷರದ ನಡುವೆ ಒಂದು ಪ ತೂರಿಸುವ ಭಾಷೆಯನ್ನು ನಾವು ಮೊದಲು ತಂದೆವು. ಅದನ್ನು ಅಜ್ಜಿ ಮೊದಲ ದಿನವೇ ಒಡೆದಳು. ಅಡುಗೆಮನೆಯಿಂದಲೇ ನಮಗೆ ಪ ಸೇರಿಸಿ ಬೈದಳು. ಆಮೇಲೆ ವಿಶಾಲಕ್ಕ ತನ್ನದೇ ಒಂದನ್ನು ಕಟ್ಟಲು ಕೂತಳು. ವರ್ಣಮಾಲೆಯಲ್ಲಿ ಸಂಬಳವಿಲ್ಲದೆ ಕೂತ ಅಕ್ಷರಗಳು ಕೆಲವಿವೆ ಎಂದು ಅವಳ ವಾದ. ಕ ವರ್ಗದ ಕೊನೆಯ ಙ, ಚ ವರ್ಗದ ಕೊನೆಯ ಞ. ಶಾಲೆಯಲ್ಲಿ ಇವನ್ನು ಬರೆಸುತ್ತಾರೆ, ಹೇಳಿಸುತ್ತಾರೆ, ಆಮೇಲೆ ಜೀವಮಾನದಲ್ಲಿ ಯಾರೂ ಮಾತಾಡಿಸುವುದಿಲ್ಲ. ಇವುಗಳಿಂದಲೇ ಮಾತು ಶುರುವಾಗುವ ಭಾಷೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ, ಪಾಪ ಅವಕ್ಕೂ ಕೆಲಸ ಸಿಗುತ್ತದೆ. ಹಾಗೆ ಹುಟ್ಟಿದ ಆ ಭಾಷೆಯಲ್ಲಿ ನಾವು ಬೇಸಿಗೆ ರಜೆಯೊಂದನ್ನು ಪೂರ್ತಿ ಕಳೆದೆವು. ಮಂಡಕ್ಕಿಗೆ ಙಾಲೆ, ಮಿರ್ಚಿಗೆ ಞುರ. ಮೂಗಿನಿಂದಲೇ ಎಲ್ಲ ಹೊರಡಬೇಕಾಗಿದ್ದರಿಂದ ನಮಗೆ ನೆಗಡಿಯಾಗಿದೆಯೆಂದು ಅವ್ವ ಕಷಾಯ ಕುಡಿಸಿದಳು. ಗುಟ್ಟು ಉಳಿಯಲೆಂದು ನಾವು ಕುಡಿದೆವು.

ಅಜ್ಜಿ ಅಪ್ಪನ ತಾಯಿ, ಬಾದನಹಟ್ಟಿಯಲ್ಲಿ ಹುಟ್ಟಿದವಳು. ಅಕ್ಷರ ಬರುತ್ತಿರಲಿಲ್ಲ, ಮಾತು ಮಾತ್ರ ಅವಳ ಕೈಯಲ್ಲಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸುವ ತನಕ ಒಂದು ಗುಟುಕು ನೀರನ್ನೂ ಬಾಯಿಗೆ ಬಿಡುತ್ತಿರಲಿಲ್ಲ. ಒಗೆದ ಸೀರೆಯನ್ನು ಮತ್ತೊಮ್ಮೆ ಜಾಲಾಡಿಸಿ ಹಾಕುವುದು, ತೊಳೆದ ಚರಿಗೆಯನ್ನು ಮತ್ತೊಮ್ಮೆ ಬೂದಿ ಹಚ್ಚಿ ತಿಕ್ಕುವುದು ಅವಳ ಕ್ರಮ. ಮಾತನ್ನೂ ಹಾಗೆಯೇ ತಿಕ್ಕುತ್ತಿದ್ದಳು. ಡಬ್ಬಿಯಲ್ಲಿ ಎಣ್ಣೆ ಮುಗಿದರೆ ಎಣ್ಣೆ ಇಲ್ಲ ಎನ್ನುವ ಹಾಗಿಲ್ಲ, ಎಣ್ಣೆ ತರಬೇಕು ಎನ್ನಬೇಕು. ತಾಟಿಗೆ ಬಡಿಸಲು ಬಂದವರಿಗೆ ಬೇಡ ಎನ್ನುವ ಹಾಗಿಲ್ಲ, ಒಂದು ಚೂರು ಹಾಕಿಸಿಕೊಂಡು ಸಾಕು ಎನ್ನಬೇಕು. ಹೊಸಿಲು ದಾಟುವಾಗ ಹೋಗುತ್ತೇನೆ ಎನ್ನಬಾರದು. ಸಿರುಗುಪ್ಪದಲ್ಲಿ ಇಷ್ಟೆಲ್ಲ ಇರಲಿಲ್ಲವೋ ಅಥವಾ ಅವ್ವನಿಗೆ ಕೆಲಸದ ಗಡಿಬಿಡಿಯಲ್ಲಿ ನೆನಪಿರುತ್ತಿರಲಿಲ್ಲವೋ, ದಿನಕ್ಕೊಮ್ಮೆಯಾದರೂ ಅವಳ ಬಾಯಿಂದ ಇಲ್ಲ ಬಂದುಬಿಡುತ್ತಿತ್ತು. ಅಜ್ಜಿ ಅದಕ್ಕೇ ಕಾದಿರುತ್ತಿದ್ದಳು.

"ಮನ್ಯಾಗ ಅಸ್ತು ಅನ್ನೋ ದೇವ್ರು ತಿರುಗಾಡ್ತಿರ್ತಾವ. ನೀ ಇಲ್ಲ ಇಲ್ಲ ಅನಕೋಂತ ಕುಂತ್ರ ಅವು ಏನು ಮಾಡಬೇಕ?"

"ಎಣ್ಣಿ ತಂದಿಟ್ಟು ಹೋಗಬೇಕ್ರಿ," ಎಂದು ಅವ್ವ ಒಲೆಯ ಕಡೆ ಮುಖ ಮಾಡಿಯೇ ಉತ್ತರ ಕೊಡುತ್ತಿದ್ದಳು.

ಹೀಗೆ ಅವರ ದಿನ ಶುರುವಾಗಿ, ಹೀಗೆಯೇ ಮುಗಿಯುತ್ತಿತ್ತು. ಕೇಳುವವರಿಗೆ ಜಗಳ ಎನ್ನಿಸುತ್ತಿತ್ತು. ಅಪ್ಪ ಮಾತ್ರ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು. ಬಚ್ಚಲಿಂದ ಹೊರಗೆ ಬರುತ್ತಾ ಗೋಡೆ ಹಿಡಿದು ಕೂತವಳು ಏಳಲಿಲ್ಲ. ಬಲಗೈ, ಬಲಗಾಲು ಸುಮ್ಮನಾದವು, ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ದವಾಖಾನೆಯಿಂದ ಮನೆಗೆ ಕರೆತಂದು ಪಡಸಾಲೆಯ ಕಿಟಕಿಯ ಹತ್ತಿರ ಕಬ್ಬಿಣದ ಮಂಚದ ಮೇಲೆ ಮಲಗಿಸಿದರು. ನೋಡಲು ಬಂದ ಡಾಕ್ಟರು ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ತಿಳಿಯುತ್ತದೆ, ನಾಲಿಗೆ ಮಾತ್ರ ಏಳುತ್ತಿಲ್ಲ ಎಂದರು. ತಿಳಿಯುತ್ತದೆ ಎಂದು ಅವರು ಹೇಳಿದ್ದರೂ ಬಂದವರೆಲ್ಲ ಅವಳ ಕಿವಿಯ ಹತ್ತಿರ ಬಗ್ಗಿ, ಕಿವುಡರ ಜೊತೆ ಮಾತಾಡುವಂತೆ ಕೂಗುತ್ತಿದ್ದರು. ಅಜ್ಜಿ ಎಡಗೈಯಿಂದ ಸೆರಗು ಎಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಜೊಲ್ಲು ಸೋರುವುದನ್ನು ಯಾರೂ ನೋಡಬಾರದು. ಸೊಸೆ ಒರೆಸಲು ಬಂದರೂ ಮೊದಲು ಗೋಡೆಗೆ ಮುಖ ತಿರುಗಿಸುವಳು. ಏನೋ ಬೇಕಾದಾಗ ಗಂಟಲಿಂದ ಒಂದು ಉದ್ದನೆಯ ಊ ಹೊರಡುತ್ತಿತ್ತು. ಆಗ ಅಪ್ಪ ನೀರಾ, ಹಾಲಾ, ಹೊದಿಕೆಯಾ, ಸೆಖೆಯಾ ಎಂದು ಒಂದೊಂದಾಗಿ ಕೇಳುವುದು, ಅಜ್ಜಿ ಕಣ್ಣಲ್ಲೇ ಅವನನ್ನು ಸುಡುವುದು. ಹೂಂ ಎಂದಳೋ ಊಹೂಂ ಎಂದಳೋ ತಿಳಿಯುತ್ತಿರಲಿಲ್ಲ, ಏಕೆಂದರೆ ಎಲ್ಲ ಮಾತಿನ ಮುಂದೂ ಆ ಊ ಇದ್ದೇ ಇರುತ್ತಿತ್ತು. ತಲೆ ಆಡಿಸಲು ಹೋದರೆ ಕುತ್ತಿಗೆ ಒಂದೇ ಕಡೆಗೆ ವಾಲಿ ನಿಲ್ಲುತ್ತಿತ್ತು.

ವಿಶಾಲಕ್ಕ ಇದನ್ನು ಕೆಲವು ದಿನ ನೋಡಿದಳು. ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಮಂಚದ ಪಕ್ಕ ನೆಲದ ಮೇಲೆ ಪಾಟಿ ಇಟ್ಟುಕೊಂಡು ಕೂತಳು. ಅಜ್ಜಿಗೆ, ನಾ ಅಂದಂಗ ಅನ್ನಬೇಕು, ಬರದಿದ್ರ ಬಿಡು ಎಂದಳು. ಕ ದಿಂದ ಶುರು. ಶಾಲೆಯ ವರ್ಣಮಾಲೆ ಬಾಯಿಯ ಒಳಗಿನಿಂದ ಹೊರಗೆ ಬರುವ ಹಾಗೆ ಇದೆಯೆಂದು ಅವಳಿಗೆ ಮೇಷ್ಟರು ಹೇಳಿದ್ದರಂತೆ: ಗಂಟಲು, ಅಂಗುಳ, ನಾಲಿಗೆಯ ಮಡಿಕೆ, ಹಲ್ಲು, ತುಟಿ. ಆ ಸಾಲು ಹಿಡಿದು ಅಜ್ಜಿಯ ಬಾಯನ್ನು ಅವಳು ಕೋಣೆ ಕೋಣೆಯಾಗಿ ನೋಡುತ್ತಾ ಬಂದಳು. ಕ ಇಲ್ಲ, ಚ ಇಲ್ಲ, ಟ ಅಂತೂ ಇಲ್ಲವೇ ಇಲ್ಲ. ತ ಅರ್ಧ ಬಂದು ಗಾಳಿಯಾಯಿತು. ಪ ಬ ಎರಡೂ ತುಟಿಯ ಓರೆ ಮೂಲೆಯಿಂದ ಸೋರಿ ವ ಆದವು. ಮ ಚೆನ್ನಾಗಿ ನಿಂತಿತು. ಹ ಇತ್ತು. ಸ್ವರಗಳಲ್ಲಿ ಇ ಮತ್ತು ಎ ಗೆ ನಾಲಿಗೆ ಏಳಬೇಕು, ಅವು ಹೋಗಿದ್ದವು. ಅ, ಉ, ಓ ಉಳಿದಿದ್ದವು. ಇಷ್ಟು ಹೊತ್ತಿಗೆ ಅಜ್ಜಿಗೆ ಸುಸ್ತಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಾಟಿಯ ಮೇಲೆ ಆರು ಅಕ್ಷರಗಳಿದ್ದವು. ಹಳೆಯ ಭಾಷೆಗೆ ಬೇಕಾದ ಅಕ್ಷರವನ್ನು ವಿಶಾಲಕ್ಕ ತನಗೆ ಬೇಕಾದಲ್ಲಿಂದ ತಂದಿದ್ದಳು. ಇಲ್ಲಿ ಇದ್ದದ್ದರಲ್ಲೇ ಮಾಡಬೇಕಿತ್ತು.

ಆಮೇಲಿನ ಕೆಲಸ ನನ್ನ ಬಾಯಲ್ಲಿ ನಡೆಯಿತು. ಅಜ್ಜಿಯನ್ನು ಪದೇ ಪದೇ ದಣಿಸುವುದು ಬೇಡವೆಂದು ವಿಶಾಲಕ್ಕ ನನ್ನ ನಾಲಿಗೆಯನ್ನು ಚಮಚದ ಹಿಡಿಕೆಯಿಂದ ಕೆಳಗೆ ಒತ್ತಿ ಹಿಡಿದು, ಒಂದು ಕಡೆಯ ತುಟಿಯನ್ನು ಬೆರಳಿಂದ ಎಳೆದು, ತಾನು ಮಾಡಿದ ಮಾತುಗಳನ್ನು ನನ್ನಿಂದ ಹೇಳಿಸುತ್ತಿದ್ದಳು. ನಾನು ಹೇಳಿದ್ದು ಅವಳಿಗೆ ನಡುಮನೆಯ ಬಾಗಿಲಲ್ಲಿ ನಿಂತಾಗಲೂ ಬೇರೆ ಬೇರೆಯಾಗಿ ಕೇಳಿದರೆ ಆ ಮಾತು ಪಾಸು. ನೀರಿಗೆ ಉಮ. ಊಟಕ್ಕೆ ಓವ. ಮಗ್ಗಲು ಹೊರಳಿಸು ಎನ್ನುವುದಕ್ಕೆ ವಹೋ. ಸೆಖೆ, ಬೀಸಣಿಗೆ ಬೀಸು ಎನ್ನುವುದಕ್ಕೆ ಹುಹು. ಊಟಕ್ಕೆ ಮಮ ಎಂದು ಇಡೋಣ, ಬೇಗ ಬರುತ್ತದೆ ಎಂದು ನಾನು ಹೇಳಿದ್ದೆ. ನಮ್ಮ ಕಡೆ ಕೂಸುಗಳಿಗೆ ಅನ್ನ ತೋರಿಸಿ ಹಾಗೆಯೇ ಅನ್ನುವುದು. ವಿಶಾಲಕ್ಕ ಚಮಚದಿಂದ ನನ್ನ ಮೊಣಕಾಲಿಗೆ ಒಂದು ಕೊಟ್ಟಳು.

"ಅಜ್ಜಿ ಕೂಸಲ್ಲ ಲೇ. ಕೂಸಿನ ಮಾತು ಒಂದೂ ಬರಬಾರದು ಇದರಾಗ."

ಅದೊಂದು ನಿಯಮವನ್ನು ಅವಳು ಕೊನೆಯವರೆಗೆ ಬಿಡಲಿಲ್ಲ. ಇನ್ನೊಂದು ನಿಯಮ ತಪ್ಪಿನಿಂದ ಹುಟ್ಟಿತು. ಬಹಿರ್ದೆಸೆಯ ಪಾತ್ರೆಗೆ ಅವಳು ಮೊದಲು ಊಮ ಎಂದು ಇಟ್ಟಿದ್ದಳು, ಒಂದು ದೀರ್ಘವಷ್ಟೇ ನೀರಿಗಿಂತ ಬೇರೆ. ಅಜ್ಜಿ ಅವಸರದಲ್ಲಿದ್ದಾಗ ದೀರ್ಘ ಎಲ್ಲಿಂದ ಬರಬೇಕು? ನಾನು ಓಡಿ ಹೋಗಿ ಚರಿಗೆ ತುಂಬ ಕುಡಿಯುವ ನೀರು ತಂದುಕೊಟ್ಟೆ. ಅವತ್ತು ಅವ್ವ ಎರಡು ಸಲ ಹಾಸಿಗೆ ಒಗೆದಳು, ಅಜ್ಜಿ ಸಂಜೆಯವರೆಗೆ ಗೋಡೆ ನೋಡುತ್ತಾ ಮಲಗಿದಳು. ವಿಶಾಲಕ್ಕ ಪಾಟಿ ಒರೆಸಿ ಮತ್ತೆ ಶುರು ಮಾಡಿದಳು. ಯಾವ ಎರಡು ಮಾತು ಅದಲುಬದಲಾದರೆ ಮರ್ಯಾದೆ ಹೋಗುತ್ತದೋ ಅವು ಒಂದರ ಹತ್ತಿರ ಒಂದು ಸುಳಿಯಬಾರದು. ಅವಸರದ ಮಾತು ಎಲ್ಲಕ್ಕಿಂತ ಚಿಕ್ಕದಿರಬೇಕು. ಪಾತ್ರೆಗೆ ಬರೀ ಹ ಬಂತು. ಕನ್ನಡಿ ಒರೆಸುವಾಗ ಊದುವಂಥ ಒಂದೇ ಉಸಿರು.

ಬರೆದಿಡುವುದು ಬೇರೆಯೇ ತಲೆನೋವಾಯಿತು. ಮನೆಯವರೆಲ್ಲ ಕಲಿಯಬೇಕಾದರೆ ಗೋಡೆಯ ಮೇಲೆ ಒಂದು ಪಟ್ಟಿ ಬೇಕು. ಅಪ್ಪ ಓದುವುದು ಕನ್ನಡ, ಅವ್ವ ಓದುವುದು ತೆಲುಗು. ಎರಡು ಪಟ್ಟಿ ಹಾಕಲು ವಿಶಾಲಕ್ಕನಿಗೆ ಮನಸ್ಸಿರಲಿಲ್ಲ; ಒಂದು ಭಾಷೆಗೆ ಎರಡು ಬರವಣಿಗೆ ಎಂದರೆ ಅವಳಿಗೆ ಒಂದು ಸೀರೆಗೆ ಎರಡು ಸೆರಗು ಇದ್ದಂತೆ. ಪೇಟೆಯ ಅಂಗಡಿಗಳ ಬೋರ್ಡುಗಳನ್ನು ನೋಡಿಕೊಂಡು ಬಂದಳು. ಅವುಗಳಲ್ಲಿ ಮೇಲೆ ಕನ್ನಡ, ಕೆಳಗೆ ತೆಲುಗು ಇರುತ್ತಿತ್ತು, ಎಷ್ಟೋ ಅಕ್ಷರಗಳು ಅವಳಿ ಮಕ್ಕಳ ಹಾಗೆ. ನಮ್ಮ ಅದೃಷ್ಟಕ್ಕೆ ಅಜ್ಜಿಯ ಬಾಯಲ್ಲಿ ಉಳಿದ ಆರರಲ್ಲಿ ಹೆಚ್ಚಿನವು ಅಂಥವೇ. ತಲೆಕಟ್ಟು, ಕೊಂಬುಗಳಲ್ಲೇ ಎರಡು ಲಿಪಿಗಳಿಗೆ ಜಗಳ ಇರುವುದರಿಂದ ಅವನ್ನು ತೆಗೆದುಹಾಕಿ, ಸ್ವರವನ್ನು ಪೂರ್ತಿ ಅಕ್ಷರವಾಗಿ ಪಕ್ಕದಲ್ಲೇ ಕೂರಿಸಿದಳು. ಎಳೆಯಬೇಕಾದಲ್ಲಿ ಅದೇ ಅಕ್ಷರ ಎರಡು ಸಲ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಬರೆದು, ಎದುರಿಗೆ ಚರಿಗೆ, ತಾಟು, ಬೀಸಣಿಗೆಗಳ ಚಿತ್ರ ಬಿಡಿಸಿ ಮಂಚದ ಮೇಲಿನ ಗೋಡೆಗೆ ಮೊಳೆ ಹೊಡೆದಳು. ಅಂಗಡಿಯಿಂದ ಬಂದ ಅಪ್ಪ ಚಪ್ಪಲಿ ಬಿಡದೆ ನಿಂತು ಓದಿದ.

"ಉಮಅ, ಓವಅ... ಇದೇನವ್ವಾ, ಆಡು ಕಟ್ಟಿದಂಗ ಐತಿ ಮನ್ಯಾಗ."

ಅಂದನಾದರೂ ಕಲಿತ. ಹಾಗೆ ನೋಡಿದರೆ ಎಲ್ಲರಿಗಿಂತ ಮೊದಲು ಕಲಿತವಳು ಅಜ್ಜಿ. ಎರಡೇ ದಿನದಲ್ಲಿ ಪಟ್ಟಿಯ ಮಾತೆಲ್ಲ ಅವಳವಾದವು, ನಮ್ಮನ್ನು ದಿನವಿಡೀ ಓಡಾಡಿಸಿದಳು. ಪ್ರಶ್ನೆ ಕೇಳಿದಾಗ ಹೌದು ಎನ್ನುವುದಕ್ಕೆ ವಿಶಾಲಕ್ಕ ಸದ್ದು ಇಡಲಿಲ್ಲ, ಒಮ್ಮೆ ಕಣ್ಣು ಮುಚ್ಚಿ ತೆಗೆದರೆ ಸಾಕು ಎಂದಳು. ಅಲ್ಲ ಎನ್ನುವುದಕ್ಕೆ ಏನು ಎಂದು ನಾನೂ ಕೇಳಲಿಲ್ಲ, ಅವಳೂ ಯೋಚಿಸಲಿಲ್ಲ, ಮನೆಯಲ್ಲಿ ಇನ್ಯಾರಿಗೂ ಹೊಳೆಯಲಿಲ್ಲ. ದೊಡ್ಡವರ ಎದುರು, ದೇವರ ಗೂಡಿನ ಎದುರು ಆಡುವ ಮಾತುಗಳನ್ನೇ ಅವಳು ಹೆಕ್ಕಿದ್ದಳು. ಆ ಮಾತುಗಳಲ್ಲಿ ಇಲ್ಲ, ಬೇಡ, ಒಲ್ಲೆ ಇರದ ಹಾಗೆ ನೋಡಿಕೊಂಡವಳು ಸ್ವತಃ ಅಜ್ಜಿಯೇ.

ಅವ್ವ ಒಬ್ಬಳು ಆ ಭಾಷೆಯ ಹತ್ತಿರ ಬರಲಿಲ್ಲ. ಪಟ್ಟಿಯನ್ನು ಅವಳಿಗೆ ಓದಲು ಬರುವ ಹಾಗೆ ಮಾಡಲು ಅಷ್ಟು ಒದ್ದಾಡಿದ್ದ ವಿಶಾಲಕ್ಕನಿಗೆ ಅದು ನೋವಾಯಿತು. ನನಗ ಇದೆಲ್ಲ ಬರಾಂಗಿಲ್ಲ, ಇಷ್ಟು ವರ್ಷ ಅವರ ಮಾರಿ ನೋಡೀನಿ, ಅಷ್ಟ ಸಾಕು ಎನ್ನುತ್ತಿದ್ದಳು ಅವ್ವ. ನಿಜಕ್ಕೂ ಅಜ್ಜಿ ಉಮ ಎನ್ನುವ ಮೊದಲೇ ನೀರು ತಂದಿಟ್ಟಿರುತ್ತಿದ್ದಳು. ಮಾತಿಲ್ಲದೆ ಒರೆಸುವುದು, ಹೊರಳಿಸುವುದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ವಿಭೂತಿ ಕೊಡುವುದು, ಒಗೆಯುವುದು. ನಳದಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಬೆನ್ನು ನೋವೆಂದು ಅವಳು ಯಾರಿಗೂ ಹೇಳಲಿಲ್ಲ, ಆದರೆ ರೊಟ್ಟಿ ಬಡಿಯುವಾಗ ನಡುನಡುವೆ ಎದ್ದು ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದಳು. ಅಪ್ಪ ಅದನ್ನು ನೋಡಿದ್ದಿರಬೇಕು. ಅಥವಾ ಅಜ್ಜಿ ಮಾತು ಬಿಟ್ಟ ಮೇಲೆ ಮನೆಯಲ್ಲಿ ಸೇರಿಕೊಂಡಿದ್ದ ಸದ್ದಿಲ್ಲದ ಗಾಳಿ ಅವನಿಗೆ ತಡೆಯಲಾಗಲಿಲ್ಲವೇನೋ. ಕುರುಗೋಡಿನಲ್ಲಿದ್ದ ತನ್ನ ಅಕ್ಕ ಶಾಂತತ್ತೆಗೆ ಹೇಳಿಕಳಿಸಿದ. ಅಲ್ಲಿ ದೊಡ್ಡ ಮನೆ, ಸ್ವಂತ ಬಾವಿ, ಇಬ್ಬರು ಸೊಸೆಯಂದಿರು. ಬಾದನಹಟ್ಟಿಯೂ ಹತ್ತಿರ, ಅಜ್ಜಿಯ ತವರಿನವರು ಬಂದು ನೋಡಿ ಹೋಗಬಹುದು. ಇನ್ನು ಮುಂದೆ ಅಜ್ಜಿ ಅಲ್ಲಿಯೇ ಇರುವುದು ಎಂದು ಇಬ್ಬರೂ ಸೇರಿ ನಿಶ್ಚಯಿಸಿದರು. ಅವ್ವನನ್ನು ಕೇಳಿದಾಗ ಅವಳು ನೀವು ಹೆಂಗ ಅಂತೀರಿ ಹಂಗ ಎಂದಳು.

ಶಾಂತತ್ತೆ ಬಾಡಿಗೆ ಕಾರು ಮಾಡಿಕೊಂಡು ಬಂದಳು. ನಮ್ಮ ಓಣಿಯಲ್ಲಿ ಕಾರು ನಿಲ್ಲುವುದು ಮದುವೆ ಇದ್ದರೆ ಮಾತ್ರ, ಹಾಗಾಗಿ ಪಕ್ಕದ ಮನೆಗಳವರು ಕಟ್ಟೆಗೆ ಬಂದು ನಿಂತರು. ಅತ್ತೆ ಒಳ್ಳೆಯವಳು, ದೊಡ್ಡ ದನಿಯವಳು, ಎಲ್ಲವನ್ನೂ ಕೈ ಹಾಕಿ ಮಾಡುವವಳು. ಬಂದವಳೇ ಅಜ್ಜಿಯ ಸೀರೆಗಳನ್ನು ಮಡಚಿ ಗಂಟು ಕಟ್ಟಿದಳು, ವಿಭೂತಿ ಗಟ್ಟಿ ಎಲ್ಲಿ ಎಂದು ಕೇಳಿ ಅದನ್ನೂ ಸೇರಿಸಿದಳು, ಅಲ್ಲಿನ ಬಾವಿ ನೀರಿನ ಸಿಹಿಯನ್ನು ಹೊಗಳಿದಳು. ಅಜ್ಜಿ ಸೆರಗು ಬಾಯಿಗೆ ಹಿಡಿದುಕೊಂಡು ಗಂಟನ್ನು ನೋಡುತ್ತಿದ್ದಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕೇಳದೆ ಕರೆದೊಯ್ಯುವುದು ಅಪ್ಪನಿಗೆ ಸರಿ ಕಾಣಲಿಲ್ಲ. ಅಜ್ಜಿಯೊಂದಿಗೆ ಮಾತಾಡಲು ಬಂದಿದ್ದ ಈ ಹೊಸ ದಾರಿಯ ಬಗ್ಗೆ ಅವನಿಗೆ ಅಕ್ಕನ ಎದುರು ಸ್ವಲ್ಪ ಹೆಮ್ಮೆಯೂ ಇತ್ತೆಂದು ಕಾಣುತ್ತದೆ. ವಿಶಾಲಕ್ಕನನ್ನು ಕರೆದು ಮಂಚದ ಹತ್ತಿರ ನಿಲ್ಲಿಸಿದ, ಪ್ರಶ್ನೆಯನ್ನು ಮಾತ್ರ ತಾನೇ ಕೇಳಿದ.

"ಯವ್ವಾ, ಅಕ್ಕನ ಮನಿಗೆ ಹೋಗಿ ಆರಾಮ ಇರ್ತೀಯಲ್ಲ?"

ಅಜ್ಜಿ ಅವನ ಮುಖ ನೋಡಿದಳು. ಎಲ್ಲರೂ ಅವಳ ಕಣ್ಣನ್ನೇ ನೋಡುತ್ತಾ ನಿಂತೆವು. ಕಣ್ಣು ಮುಚ್ಚಿದರೆ ಹೌದು, ಹೊರಗೆ ಕಾರು ಸಿದ್ಧವಿದೆ. ಇದು ಅಜ್ಜಿಗೂ ಗೊತ್ತಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಅಪ್ಪ ಇನ್ನೊಮ್ಮೆ ಕೇಳಿದ, ಅತ್ತೆ ಒಮ್ಮೆ ಕೇಳಿದಳು. ಹಿಂದಿನ ದಿನಗಳಲ್ಲಿ ನಾವು ಎಷ್ಟೋ ಸಲ ಹಾಗೆ ಮಾಡಿದ್ದೆವು: ಹಾಲು ಬೇಕಾ ಎಂದು ಕೇಳಿ ಬಟ್ಟಲು ಹಿಡಿದು ನಿಲ್ಲುವುದು, ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮುಚ್ಚಿಯೇ ಮುಚ್ಚುತ್ತಾಳೆ, ಕುಡಿಸಿಬಿಡುವುದು. ಕಣ್ಣು ಎಂದ ಮೇಲೆ ಯಾವಾಗಲಾದರೂ ಮುಚ್ಚಲೇಬೇಕು. ವಿಶಾಲಕ್ಕನ ಮುಖ ಬಿಳಿಚಿಕೊಳ್ಳುವುದನ್ನು ನಾನು ನೋಡಿದೆ. ಅವಳಿಗೆ ಆ ಗಳಿಗೆಯಲ್ಲಿ ತಾನು ಕಟ್ಟಿದ್ದರಲ್ಲಿ ಏನು ಬಿಟ್ಟುಹೋಗಿದೆಯೆಂದು ತಿಳಿದಿರಬೇಕು. ಅಜ್ಜಿಯ ಕಣ್ಣು ಕೆಂಪಾಯಿತು, ತುಂಬಿತು, ಎರಡೂ ಕಡೆ ನೀರು ಇಳಿಯಿತು, ರೆಪ್ಪೆ ಮಾತ್ರ ಬೀಳಲಿಲ್ಲ.

"ನೋಡಪಾ, ಸಂತೋಷಕ್ಕ ಅಳಾಕತ್ತಾಳ ನಮ್ಮವ್ವ," ಎಂದು ಶಾಂತತ್ತೆ ತನ್ನ ಕಣ್ಣನ್ನೂ ಒರೆಸಿಕೊಂಡು, ಅಜ್ಜಿಯನ್ನು ಎತ್ತಿ ಕೂರಿಸಲು ಬೆನ್ನಿನ ಕೆಳಗೆ ಕೈ ಹಾಕಿದಳು.

ಅಜ್ಜಿ ಬಾಯಿಗೆ ಹಿಡಿದಿದ್ದ ಸೆರಗನ್ನು ಬಿಟ್ಟಳು. ಲಕ್ವ ಹೊಡೆದ ದಿನದಿಂದ ನಾಲ್ಕು ಜನರ ಎದುರು ಅವಳು ಬಾಯಿ ತೋರಿಸಿರಲಿಲ್ಲ. ಓರೆಯಾದ ತುಟಿಗಳನ್ನು ಸೇರಿಸಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಮ್ಮೆಲೇ ಹೊರಗೆ ಬಿಟ್ಟಳು. ಕುದುರೆ ತುಟಿ ಬಡಿದಂಥ ಸದ್ದು. ಉಗುಳು ಅತ್ತೆಯ ಕೈ ಮೇಲೆ, ಕುಪ್ಪಸದ ಮೇಲೆ, ಗಂಟಿನ ಮೇಲೆ ಸಿಡಿಯಿತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಅಜ್ಜಿ ಮತ್ತೆ ಉಸಿರು ಎಳೆದುಕೊಂಡು, ಈ ಸಲ ಅಪ್ಪನ ಕಡೆ ತಿರುಗಿ ಮಾಡಿದಳು. ಆಮೇಲೆ ಬಾಗಿಲ ಕಡೆ, ಕಾರಿನ ಕಡೆ. ಗಲ್ಲದಿಂದ ಜೊಲ್ಲು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ನಿಂತವರಲ್ಲಿ ಯಾರೋ ನಕ್ಕರು, ಯಾರೋ ಅವರನ್ನು ಸುಮ್ಮನಿರಿಸಿದರು.

ಪಟ್ಟಿಯಲ್ಲಿ ಅಂಥ ಮಾತೊಂದಿರಲಿಲ್ಲ. ಅಪ್ಪ ವಿಶಾಲಕ್ಕನನ್ನು ನೋಡಿದ, ವಿಶಾಲಕ್ಕ ಪಟ್ಟಿಯನ್ನು ನೋಡಿದಳು. ಶಾಂತತ್ತೆ ಹೊಟ್ಟೆಯಲ್ಲಿ ಗಾಳಿ ಸೇರಿಕೊಂಡಿದೆಯೇನೋ, ಓಮಿನಕಾಳು ಕೊಟ್ಟೀರೇನು ಎಂದು ಕೇಳಲು ಶುರು ಮಾಡಿದ್ದಳು. ರೊಟ್ಟಿ ಬಡಿಯುವ ಸದ್ದು ನಿಂತು ಅವ್ವ ಹಿಟ್ಟಿನ ಕೈಯಲ್ಲೇ ನಡುಮನೆಯ ಬಾಗಿಲಿಗೆ ಬಂದಳು.

"ಅತ್ತಿ ಒಲ್ಲೆ ಅಂದ್ರಲ್ರಿ. ಕೇಳಿಸಲಿಲ್ಲೇನು?"

ಅಪ್ಪ ತೆಲುಗಿಗೆ ಹೊರಳಿದ. ನಾನು ನಿನ್ನ ಸಲುವಾಗಿಯೇ ಇದನ್ನೆಲ್ಲ ಮಾಡಿದ್ದು, ನಿನ್ನ ಬೆನ್ನು ಬಿದ್ದುಹೋಗುತ್ತದೆ, ಯೋಚನೆ ಮಾಡು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಪಡಸಾಲೆಯಲ್ಲಿದ್ದವರಿಗೆಲ್ಲ ತಿಳಿಯಿತು, ಕಟ್ಟೆಯ ಮೇಲಿದ್ದವರಿಗೂ ತಿಳಿದಿರಬೇಕು. ಅವ್ವ ಕನ್ನಡದಲ್ಲೇ ಉತ್ತರ ಕೊಟ್ಟಳು.

"ನನ್ನ ಬೆನ್ನು ನಂದು. ಬೆನ್ನು ನೋವಾಗತೈತಿ ಅಂತ ಯಾರಿಗರ ಅಂದೀನೇನು? ಅಕ್ಕಾರ, ಕೈ ತೊಳಕೊಳ್ರಿ. ರೊಟ್ಟಿ ಬಿಸಿ ಅದಾವ, ಪುಂಡಿಪಲ್ಯ ಮಾಡೀನಿ. ಕಾರಿನವನಿಗೂ ಕೊಡೂನು."

ಅಷ್ಟು ಹೇಳಿ ಒಳಗೆ ಹೋದಳು. ಅಜ್ಜಿ ಆಗ ಕಣ್ಣು ಮುಚ್ಚಿ ಮಲಗಿದಳು, ಮಧ್ಯಾಹ್ನ ಕಳೆದರೂ ಏಳಲಿಲ್ಲ. ಅದನ್ನು ಯಾರೂ ಹೌದು ಎಂದು ತಿಳಿಯಲಿಲ್ಲ. ಶಾಂತತ್ತೆ ಊಟ ಮಾಡಿ, ಗಂಟು ಬಿಚ್ಚಿ ಸೀರೆಗಳನ್ನು ತಾನೇ ಪೆಟ್ಟಿಗೆಯಲ್ಲಿಟ್ಟು, ಸ್ವಲ್ಪ ಮುನಿದುಕೊಂಡೇ ಕಾರು ಹತ್ತಿದಳು. ಮುಂದಿನ ತಿಂಗಳು ಒಂದು ಕೊಡ ಬಾವಿ ನೀರು ಬಸ್ಸಿನಲ್ಲಿ ಕಳಿಸಿದಳು, ಅರ್ಧ ದಾರಿಯಲ್ಲಿ ಚೆಲ್ಲಿತ್ತು.

ಅವತ್ತು ಸಂಜೆ ವಿಶಾಲಕ್ಕ ಆ ಸದ್ದನ್ನು ಬರೆದುಕೊಳ್ಳಲು ಕೂತಳು. ಫ ಹಾಕಿ ನೋಡಿದಳು, ಪ ಕ್ಕೆ ರ ಕಟ್ಟಿ ನೋಡಿದಳು, ಒಂದೂ ಹತ್ತಿರ ಬರಲಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಅದಕ್ಕೆ ಅಕ್ಷರವಿಲ್ಲ. ಕೊನೆಗೆ ಅಡ್ಡಲಾಗಿ ಒಂದು ಡೊಂಕು ಗೆರೆ ಎಳೆದು ಪಟ್ಟಿಯ ಎಲ್ಲಕ್ಕಿಂತ ಮೇಲೆ ಇಟ್ಟಳು. ಇದನ್ನು ಮಾಡಿದವಳು ನಾನಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಉಳಿದ ಮಾತುಗಳಲ್ಲಿ ಅವಳಿಗೆ ಆಮೇಲೆ ಅಷ್ಟು ಆಸೆ ಉಳಿಯಲಿಲ್ಲ. ಹೊಸ ಮಾತು ಬೇಕಾದಾಗ ಮಂಚದ ಪಕ್ಕ ಕೂತು ಅಜ್ಜಿಯನ್ನೇ ಕೇಳುತ್ತಿದ್ದಳು, ಅಜ್ಜಿ ಕೊಟ್ಟದ್ದನ್ನು ಬರೆಯುತ್ತಿದ್ದಳು. ಅಜ್ಜಿ ಕೊಟ್ಟ ಮಾತುಗಳು ಅವಳ ನಿಯಮಗಳಿಗೆ ಹೊಂದುತ್ತಿರಲಿಲ್ಲ. ಬಹಳ ಉದ್ದ ಇರುತ್ತಿದ್ದವು, ಒಂದರಂತೆ ಒಂದು ಕೇಳುತ್ತಿದ್ದವು, ಕೆಲವು ಬೈಗುಳಗಳೆಂದು ನಮಗೆ ಎಷ್ಟೋ ದಿನಗಳ ಮೇಲೆ ತಿಳಿಯಿತು.

ಬೇಡ ಎನ್ನುವ ಮಾತು ಸಿಕ್ಕ ಮೇಲೆ ಅಜ್ಜಿ ಅದನ್ನು ಧಾರಾಳವಾಗಿ ಬಳಸಿದಳು. ಹಾಲಿಗೆ ಬೇಡ, ಕಹಿ ಔಷಧಿಗೆ ಬೇಡ, ಪಕ್ಕದ ಮನೆಯವಳು ಹೇಳುವ ಸುದ್ದಿಗೆ ಬೇಡ. ಡಾಕ್ಟರಿಗೂ ಒಮ್ಮೆ ಆಯಿತು. ಅವರು ಕನ್ನಡಕ ಒರೆಸಿಕೊಂಡು ಶ್ವಾಸ ಚೆನ್ನಾಗಿದೆ ಎಂದರು. ಅಪ್ಪ ಟವೆಲ್ಲು ಹೆಗಲ ಮೇಲೆ ಹಾಕಿಕೊಳ್ಳದೆ ಮಂಚದ ಹತ್ತಿರ ಹೋಗುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಹಿಡಿಯುವುದನ್ನು ಮಾತ್ರ ಅಜ್ಜಿ ಬಿಟ್ಟಿದ್ದಳು.

ಒಂದು ಮಧ್ಯಾಹ್ನ ನಾನು ನಡುಮನೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದೆ. ಅವ್ವ ಬಟ್ಟಲಲ್ಲಿ ಅಂಬಲಿ ತಂದು ಅಜ್ಜಿಗೆ ಒಂದು ಚಮಚ ಕುಡಿಸಿದಳು. ಅಜ್ಜಿ ತುಟಿ ಬಡಿದಳು. ಮಜ್ಜಿಗೆ ಹುಳಿಯಾಗಿದೆ ಎಂದು ಅದರ ಅರ್ಥವೆಂದು ನನಗೆ ಇದ್ದಲ್ಲಿಂದಲೇ ತಿಳಿಯಿತು. ಅವ್ವ ತಾನೊಂದು ಚಮಚ ಕುಡಿದು ನೋಡಿ, ಏನೂ ಹುಳಿ ಇಲ್ಲ, ಬೆಳಗಿನದೇ ಮಜ್ಜಿಗೆ ಎಂದಳು. ಇಲ್ಲ ಎಂದದ್ದಕ್ಕೋ ಮಜ್ಜಿಗೆಗೋ, ಅಜ್ಜಿ ಮತ್ತೆ ತುಟಿ ಬಡಿದಳು. ಅವ್ವ ಮುಖ ಒರೆಸಿಕೊಂಡಳು. ಬಟ್ಟಲನ್ನು ಕಿಟಕಿಯ ಮೇಲೆ ಇಟ್ಟು, ಹೊರಗೆ ಓಣಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿ, ಮಂಚದ ಮೇಲೆ ಬಗ್ಗಿ, ಕೆನ್ನೆ ಉಬ್ಬಿಸಿ, ಅಜ್ಜಿಗಿಂತ ಜೋರಾಗಿ ಅದೇ ಮಾತನ್ನು ಅಜ್ಜಿಗೆ ಹೇಳಿದಳು. ಅವ್ವ ಆ ಭಾಷೆಯಲ್ಲಿ ಆಡಿದ ಮೊದಲ ಮಾತು ಅದು. ಅಜ್ಜಿ ಉಸಿರು ತುಂಬಿಕೊಂಡು ಉತ್ತರ ಕೊಟ್ಟಳು. ಅವ್ವ ಅದಕ್ಕೆ ತಿರುಗಿ ಕೊಟ್ಟಳು. ಬಟ್ಟಲಿನಲ್ಲಿ ಅಂಬಲಿ ಆರಿ ಕೆನೆ ಕಟ್ಟಿತು, ಇಬ್ಬರಲ್ಲಿ ಒಬ್ಬರೂ ಬಿಟ್ಟುಕೊಡಲಿಲ್ಲ.